ನೂರ ಎಂಬತ್ತು ಡಿಗ್ರಿ ಪ್ರಾರ್ಥನೆ

ಎಲ್ಲದಕ್ಕೂ ಮೂಲ ಒಂದು ಬಿಳಿ ಅಂಗಿಯ ಒದ್ದೆ ಕಾಲರು.

ಆ ಅಂಗಿ ವೆಕ್ಟರ್ ಮೇಷ್ಟ್ರದು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಅವರಿಗೆ ಈ ಹೆಸರಿಟ್ಟವರು ವಿದ್ಯಾರ್ಥಿಗಳು. ಪಾಠ ಯಾವುದೇ ಇರಲಿ, ವರ್ಷದ ಮೊದಲ ತರಗತಿಯಲ್ಲಿ ಬೋರ್ಡಿನ ಈ ತುದಿಯಿಂದ ಆ ತುದಿಗೆ ಒಂದು ಬಾಣ ಎಳೆದು, "ಬಲ ಅಂದರೆ ಬರೀ ಎಷ್ಟು ಅಂತ ಅಲ್ಲ, ಯಾವ ಕಡೆಗೆ ಅಂತಲೂ ಗೊತ್ತಿರಬೇಕು. ಅದೇ ವೆಕ್ಟರ್!" ಎಂದು ಸೀಮೆಸುಣ್ಣ ಮುರಿಯುವಂತೆ ಕುಟ್ಟಿ ಹೇಳುವುದು ಅವರ ಪದ್ಧತಿ. ಒಂಬತ್ತು ವರ್ಷದಿಂದ ಹೀಗೆ ಕುಟ್ಟುತ್ತಿದ್ದರೂ ಕಾಲೇಜಿನವರು ಅವರನ್ನು ಖಾಯಂ ಮಾಡಿರಲಿಲ್ಲ. ಬೇಸಿಗೆ ರಜೆ ಬಂದೊಡನೆ ಕೆಲಸದಿಂದ ಬಿಡಿಸಿ, ರಜೆ ಮುಗಿದ ಮೇಲೆ ಮತ್ತೆ ಕರೆಯುತ್ತಿದ್ದರು. ಅಟ್ಟಕ್ಕೆ ಎಸೆದ ಕೊಡೆಯನ್ನು ಮಳೆಗಾಲಕ್ಕೆ ಇಳಿಸಿಕೊಳ್ಳುವ ಹಾಗೆ. ಈಗ ಖಾಯಂ ಹುದ್ದೆ ಒಂದೇ ಒಂದು ಖಾಲಿಯಾಗಿತ್ತು. ಇವತ್ತು ಹನ್ನೊಂದಕ್ಕೆ ಸಂದರ್ಶನ. ಸಿಕ್ಕರೆ ಬೇಸಿಗೆಯಲ್ಲೂ ಮೇಷ್ಟ್ರು ಮೇಷ್ಟ್ರೇ. ಸಿಗದಿದ್ದರೆ ಮತ್ತೆ ಅಟ್ಟ.

ಬೆಳಿಗ್ಗೆ ಮೆಟ್ಟಿಲಿಳಿದು, ಅದೇ ಕಟ್ಟಡದ ಕೆಳಗಿದ್ದ ಲಾಂಡ್ರಿಗೆ ಹೋದರು.

"ನನ್ನ ಅಂಗಿ ಎಲ್ಲಪ್ಪಾ?"

"ಇಲ್ಲೇ ಇದೆ ಮೇಷ್ಟ್ರೇ. ಒಣಗೋಕೆ ಮನಸ್ಸು ಮಾಡ್ತಾ ಇದೆ" ಎಂದು ಲಾಂಡ್ರಿಯವನು ಹಗ್ಗದತ್ತ ಕೈ ತೋರಿಸಿದ. ಅಂಗಿ ಸೋತು ಬಂದವರ ಹಾಗೆ ಎರಡೂ ತೋಳು ಇಳಿಬಿಟ್ಟು ನೇತಾಡುತ್ತಿತ್ತು. "ಒಂದು ವಾರದಿಂದ ಬರೀ ಮೋಡ. ದಿನಾ ಎದ್ದು ಬಿಸಿಲು ಕೊಡಪ್ಪಾ ಅಂತ ಬೇಡ್ಕೊಳ್ತೀನಿ. ಏನ್ ಮಾಡೋದು, ಮೇಲೆ ಇರೋರು ಅಡ್ಡಗಾಲು ಹಾಕ್ತಾರೆ."

"ದೇವರಾ?"

"ಅಯ್ಯೋ ಅಷ್ಟು ಮೇಲೆ ಅಲ್ಲ ಸಾರ್. ಟೀಚರಮ್ಮ."

ನಿವೃತ್ತ ಟೀಚರಮ್ಮ ಮೂರನೆಯ ಮಹಡಿಯವರು. ತಾರಸಿಯ ತುಂಬ ಹೂಕುಂಡ ಇಟ್ಟವರು. ಕೆಳಗಿನ ಮಾತು ಕೇಳಿಸಿಕೊಳ್ಳುವುದಕ್ಕೆಂದೇ ಕಟ್ಟೆಗೆ ಒರಗಿ ನಿಂತಿರುತ್ತಿದ್ದರು.

"ಹೌದು ಕಣೋ, ಮಳೆ ಬರಲಿ ಅಂತ ಬೇಡ್ಕೊಳ್ತೀನಿ! ನನ್ನ ಮಂಡಿ ನೋವಲ್ಲಿ ಅಷ್ಟೂ ಗಿಡಕ್ಕೆ ನೀರು ಹೊರೋಕಾಗತ್ತಾ? ನೀನು ಬಂದು ಹೊರ್ತೀಯಾ?" ಎಂಬ ದನಿ ಮೇಲಿನಿಂದ ಬಿತ್ತು.

ಇಲ್ಲಿ ಮೇಷ್ಟ್ರು ಸುಮ್ಮನೆ ಅಂಗಿ ಹಿಂಡಿಕೊಂಡು ಮೇಲೆ ಹೋಗಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಪಾಠ ಹೇಳುವವರ ಎದುರು ಯಾರೂ ತಪ್ಪು ಲೆಕ್ಕ ಮಾಡಬಾರದು. ಅವರ ಕೈ ತುರಿಸುತ್ತದೆ.

"ಇಬ್ಬರೂ ಒಂದು ನಿಮಿಷ ಕೇಳಿ. ದೇವರು ಕಿವುಡ ಅಲ್ಲ, ನಿಮ್ಮ ಮೇಲೆ ಕೋಪವೂ ಇಲ್ಲ. ಅವನು ಕೂಡಿಸಿ ನೋಡ್ತಾನೆ, ಅಷ್ಟೆ. ಪ್ರಾರ್ಥನೆ ಅನ್ನೋದು ಒಂದು ಬಲ. ಒಬ್ಬರು ಬಿಸಿಲಿನ ಕಡೆ ಎಳೀತೀರಿ, ಒಬ್ಬರು ಮಳೆ ಕಡೆ. ಎರಡೂ ಸಮ, ಎರಡೂ ಎದುರುಬದುರು. ಉತ್ತರ ಸೊನ್ನೆ" ಎಂದು ಆಕಾಶ ತೋರಿಸಿದರು. "ನೋಡಿ, ಸೊನ್ನೆ ಹೇಗೆ ಕೂತಿದೆ ಅಲ್ಲಿ. ಬಿಸಿಲೂ ಇಲ್ಲ, ಮಳೆಯೂ ಇಲ್ಲ."

ಲಾಂಡ್ರಿಯವನು ಬಾಯಿ ತೆರೆದ. ಟೀಚರಮ್ಮ ಮಂಡಿ ನೋವು ಮರೆತು ಕೆಳಗಿಳಿದು ಬಂದರು.

"ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅಂತಾರಲ್ಲ, ಅದೇ ತಾನೆ?"

"ಅದೇ! ಅದೇ ವೆಕ್ಟರ್!"

"ಇದರಲ್ಲಿ ಕೋಣ ಯಾರು?" ಎಂದು ಲಾಂಡ್ರಿಯವನು ಅನುಮಾನದಿಂದ ಕೇಳಿದ.

"ಮಳೆ ಕೇಳ್ತಾ ಇರೋದು ನಾನು. ನೀರಿಗೆ ಎಳೆಯೋದು ಯಾರು ಅಂತ ನೀನೇ ಹೇಳಿಬಿಡು, ನೋಡೋಣ!" ಎಂದು ಟೀಚರಮ್ಮ ಸೆರಗು ಸಿಕ್ಕಿಸಿದರು.

ಜಗಳ ಕಾವೇರುವಷ್ಟರಲ್ಲಿ ಕಂಡಕ್ಟರು ಬಂದ. ಮೇಷ್ಟ್ರ ಎದುರು ಮನೆಯವನು, ಸಿಟಿ ಬಸ್ಸಿನಲ್ಲಿ ಕೆಲಸ. ಯಾರ ಮಾತಿಗಾದರೂ ನಡುವೆ ಹತ್ತಿಕೊಳ್ಳುವುದು, ತನಗೆ ಬೇಕಾದ ಕಡೆ ಇಳಿಸುವುದು ಎರಡೂ ಅವನಿಗೆ ಕರಗತ. ಅರ್ಧ ಸಮವಸ್ತ್ರ, ಕೊರಳಲ್ಲಿ ಸೀಟಿ, ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು. ಪೂರ್ತಿ ಸಿದ್ಧಾಂತ ಕೇಳಿಸಿಕೊಂಡು, ನೊರೆ ಉಗುಳಿ, ಒಂದೇ ಪ್ರಶ್ನೆ ಕೇಳಿದ.

"ಅದೆಲ್ಲ ಸರಿ ಮೇಷ್ಟ್ರೇ. ಇವತ್ತು ನಿಮ್ಮ ಇಂಟರ್ವ್ಯೂ. ಎದುರು ಎಳೀತಾ ಇರೋರು ಯಾರು?"

ಮೇಷ್ಟ್ರ ಬಾಯಿ ಒಣಗಿತು. ಬೆಳಗಿನಿಂದ ಆ ಓಣಿಯಲ್ಲಿ ಒಣಗಿದ್ದು ಅದೊಂದೇ.

ಹುದ್ದೆಗೆ ಇದ್ದ ಇನ್ನೊಬ್ಬ ಅಭ್ಯರ್ಥಿ ಸೈಕಲ್ ಮೇಷ್ಟ್ರು. ಅದೇ ಕಾಲೇಜಿನಲ್ಲಿ, ಅದೇ ವಿಷಯ ಹೇಳುವ, ಇವರ ಹಾಗೆಯೇ ತಾತ್ಕಾಲಿಕ ಜೀವ. ಕಾಲೇಜಿನ ಗೇಟಿನ ಪಕ್ಕದಲ್ಲೇ ಅವರ ಮನೆಯವರ ಸೈಕಲ್ ಅಂಗಡಿ. ತಂದೆ ಹೋದ ಮೇಲೆ ತಾಯಿ ನಡೆಸುತ್ತಿದ್ದರು. ಸೈಕಲ್ ಮೇಷ್ಟ್ರಿಗೆ ವೆಕ್ಟರ್ ಮೇಷ್ಟ್ರು ಹೆದರುತ್ತಿರಲಿಲ್ಲ. ಆತ ತರಗತಿಯಲ್ಲಿ ಹುಡುಗರಿಗೆ ಬೆನ್ನು ಹಾಕಿ, ಬೋರ್ಡಿನ ಕಿವಿಯಲ್ಲಿ ಪಾಠ ಹೇಳಿ ಬರುವಷ್ಟು ಸಂಕೋಚದವರು. ಭಯವೆಲ್ಲ ಅವರ ತಾಯಿಯದು. ಅಂಗಡಿ ಅಮ್ಮ ಕೈ ಮುಗಿದರೆ ಆಗದ ಕೆಲಸವಿಲ್ಲ ಎಂದು ಊರೇ ಹೇಳುತ್ತಿತ್ತು.

"ನಮ್ಮ ಡ್ರೈವರ್‌ಗೆ ಅವರು ಬೇಡ್ಕೊಂಡ ಮೇಲೇ ಮದುವೆ ಆಗಿದ್ದು. ಆ ಮುಖಕ್ಕೆ!" ಎಂದ ಕಂಡಕ್ಟರು.

"ನನ್ನ ತಂಗಿ ಕಳಕೊಂಡ ಓಲೆ, ಅವರು ಬೇಡ್ಕೊಂಡ ಸಂಜೆಗೇ ಸಿಕ್ತು, ಅದೂ ಅವಳದೇ ಕಿವೀಲಿ" ಎಂದರು ಟೀಚರಮ್ಮ.

ಮೇಷ್ಟ್ರು ಒಂದು ಕ್ಷಣ ಕುಗ್ಗಿದರು. ಮರುಕ್ಷಣ ಎದೆ ಸೆಟೆಸಿದರು. ಬಲ ಎಷ್ಟೇ ದೊಡ್ಡದಿರಲಿ, ಅದಕ್ಕೊಂದು ಎದುರು ಬಲ ಇದ್ದೇ ಇರುತ್ತದೆ. ಒಂಬತ್ತು ವರ್ಷ ಬೇರೆ ಏನು ಹೇಳಿಕೊಟ್ಟಿದ್ದು?

"ನೀವು ಮೂರು ಜನ ನನಗೆ ಸಹಾಯ ಮಾಡ್ತೀರಾ?"

"ಜೀವ ಕೊಡ್ತೀವಿ. ಬಿಸಿಲು ಬಂದಿದ್ರೆ ಅಂಗೀನೂ ಕೊಡ್ತಿದ್ದೆ" ಎಂದ ಲಾಂಡ್ರಿಯವನು.

ಹೀಗೆ ಲಾಂಡ್ರಿಯ ಇಸ್ತ್ರಿ ಮೇಜೇ ಪ್ರಯೋಗಶಾಲೆಯಾಯಿತು.

"ಅಂಗಡಿ ಅಮ್ಮ ಕಾಲೇಜಿಗೆ ಅಂಟಿಕೊಂಡೇ ಇದಾರೆ, ನಾವು ಇಷ್ಟು ದೂರ. ನಮ್ಮ ಬಲ ದಾರೀಲಿ ಕಮ್ಮಿ ಆಗಲ್ವಾ?" ಎಂಬುದು ಟೀಚರಮ್ಮನ ಆತಂಕ.

"ದೇವರು ಎಲ್ಲ ಕಡೆ ಇದಾನೆ ಅಂದ್ಮೇಲೆ ಅವನಿಗೂ ನಮಗೂ ದೂರ ಸೊನ್ನೆ. ಬಲ ಕಮ್ಮಿ ಆಗಬೇಕಾದ್ರೆ ದೂರದಿಂದ ಭಾಗಿಸಬೇಕು. ಸೊನ್ನೆಯಿಂದ ಯಾರೂ ಭಾಗಿಸೋ ಹಾಗಿಲ್ಲ, ದೇವರೂ ಸೇರಿ."

"ನಾವು ಮೂರೇ ಜನ. ಸಾಲತ್ತಾ?" ಎಂದ ಕಂಡಕ್ಟರು.

"ಒತ್ತಡ ಹೆಚ್ಚಿಸೋಣ. ನಿಂತಿರೋ ಜಾಗ ಕಮ್ಮಿ ಆದಷ್ಟೂ ಒತ್ತಡ ಜಾಸ್ತಿ. ಹಿಂದಿನವರು ಒಂಟಿಕಾಲಲ್ಲಿ ನಿಂತು ತಪಸ್ಸು ಮಾಡಿದ್ದು ಸುಮ್ನೆ ಅಂದ್ಕೊಂಡ್ರಾ? ಅರ್ಧ ಜಾಗ, ಎರಡರಷ್ಟು ಒತ್ತಡ!"

"ನನ್ನ ಮಂಡಿ..." ಎಂದರು ಟೀಚರಮ್ಮ.

"ನೀವು ಗೋಡೆ ಹಿಡ್ಕೊಳ್ಳಿ. ಆದರೆ ಮೂವರೂ ಒಂದೇ ಸಮಯಕ್ಕೆ ಶುರು ಮಾಡಬೇಕು. ಒಬ್ಬರು ತಳ್ಳುವಾಗ ಇನ್ನೊಬ್ಬರು ಉಸಿರು ಬಿಡ್ತಾ ಇದ್ರೆ ಕೆಟ್ಟು ನಿಂತ ಬಸ್ಸು ಅಲ್ಲಾಡತ್ತಾ?"

ಬಸ್ಸಿನ ಉದಾಹರಣೆಯಿಂದ ಕಂಡಕ್ಟರಿಗೆ ಎಲ್ಲವೂ ಅರ್ಥವಾಗಿಹೋಯಿತು. "ಹನ್ನೊಂದಕ್ಕೆ ಸರಿಯಾಗಿ ಫೋನಲ್ಲೇ ಸೀಟಿ ಊದ್ತೀನಿ. ಎಲ್ಲರೂ ರೈಟ್!" ಎಂದ.

ಅಷ್ಟು ಹೊತ್ತಿಗೆ ಮೇಷ್ಟ್ರ ಹೆಂಡತಿ ಕಾಫಿ ಲೋಟ ಹಿಡಿದು, ಗಂಡ ಅಂಗಿ ತರಲು ಹೋದವರು ಎಲ್ಲಿ ಒಣಗಿದರು ಎಂದು ನೋಡಲು ಬಂದರು. ಎಲ್ಲ ಕೇಳಿ, "ನಮ್ಮ ಮೇಷ್ಟ್ರಿಗೆ ಕೆಲಸ ಸಿಗಲಿ ಅಂತ ಬೇಡ್ಕೊಂಡ್ರೆ ಸಾಕಲ್ವೇನ್ರೀ? ಇದೆಲ್ಲ ಯಾಕೆ?" ಎಂದರು.

"ಸಾಲಲ್ಲ ಕಣೇ. ಟೀಚರಮ್ಮ ಒಳ್ಳೇ ಕೆಲಸ ಅಂತಾರೆ, ಕಂಡಕ್ಟರು ಯಾವುದಾದ್ರೂ ಕೆಲಸ ಅಂತಾನೆ, ಇವನು ನಡುವೆ ಮೆಲ್ಲಗೆ ಬಿಸಿಲನ್ನೂ ಸೇರಿಸ್ತಾನೆ."

ಲಾಂಡ್ರಿಯವನು ತಲೆ ತಗ್ಗಿಸಿದ.

"ದಿಕ್ಕು ಅಷ್ಟಷ್ಟೇ ಓರೆ ಆಗಿ ಬಲ ಸೋರಿ ಹೋಗತ್ತೆ. ನಮಗೆ ಬೇಕಾಗಿರೋದು ನೇರ ಎದುರು ದಿಕ್ಕು, ನೂರ ಎಂಬತ್ತು ಡಿಗ್ರಿ. ಎಲ್ಲರೂ ಒಂದೇ ಮಾತು ಹೇಳಿ: ಅಂಗಡಿ ಅಮ್ಮ ಏನು ಬೇಡ್ತಾ ಇದಾರೋ ಅದರ ಉಲ್ಟಾ ಆಗಲಿ. ಅವರ ಬಲ ವಜಾ ಆದ್ರೆ ಸಾಕು. ಉಳಿದದ್ದು ನನ್ನ ಅರ್ಹತೆ ನೋಡ್ಕೊಳ್ಳತ್ತೆ."

"ಆ ಅಮ್ಮ ಒಳ್ಳೆಯವರು ರೀ. ಹೋಗ್ತಾ ಒಂದ್ಸಲ ಅವರನ್ನೇ ಮಾತಾಡಿಸಿ, ಆಶೀರ್ವಾದ ಮಾಡಿ ಅಮ್ಮಾ ಅನ್ನಿ."

"ಎದುರು ಪಕ್ಷದ ಹಗ್ಗ ಎಳೆಯೋರ ಕಾಲಿಗೆ ಬೀಳೋದಾ?" ಎಂದು ಮೇಷ್ಟ್ರು ನಕ್ಕರು.

"ಸುಮ್ನಿರಲಾರ್ದೆ ಇರುವೆ ಬಿಟ್ಕೊಂಡ್ರಂತೆ" ಎಂದು ಹೆಂಡತಿ ಖಾಲಿ ಲೋಟ ತೆಗೆದುಕೊಂಡು ಮೆಟ್ಟಿಲು ಹತ್ತಿದರು.

ಲಾಂಡ್ರಿಯವನು ಒದ್ದೆ ಅಂಗಿಯ ಮೇಲೆಯೇ ಇಸ್ತ್ರಿ ಒತ್ತಿದ. ಭುಸ್ಸೆಂದು ಹಬೆ ಎದ್ದಿತು. ಅದನ್ನು ತೊಟ್ಟು ಹೊರಟ ಮೇಷ್ಟ್ರು, ದೂರದಿಂದ ನೋಡಿದವರಿಗೆ, ಈಗಷ್ಟೇ ನಿಲ್ದಾಣಕ್ಕೆ ಬಂದ ಹಳೆಯ ರೈಲಿನಂತೆ ಕಾಣುತ್ತಿದ್ದರು. ಕಾಲರು ಮಾತ್ರ ಒಣಗಿರಲಿಲ್ಲ.

ಕಾಲೇಜಿನ ಹತ್ತಿರ ಬಂದಾಗ, ಬೇಡವೆಂದರೂ ಕಣ್ಣು ಸೈಕಲ್ ಅಂಗಡಿಯತ್ತ ಹೊರಳಿತು. ಅಂಗಡಿ ಅಮ್ಮ ಗಾಲಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಅದರ ಕಡ್ಡಿಗಳನ್ನು ಬಿಗಿ ಮಾಡುತ್ತಿದ್ದರು. ತುಟಿಗಳು ಮಾತ್ರ ಸದ್ದಿಲ್ಲದೆ ಅಲ್ಲಾಡುತ್ತಿದ್ದವು. ಬೇಡುತ್ತಿದ್ದರು! ಕೆಲಸದ ನಡುವೆಯೂ ಬಲ ನಿಂತಿರಲಿಲ್ಲ.

"ಬಂದ್ಯಾಪ್ಪಾ?" ಎಂದು ಅವರೇ ಕರೆದರು. ಮುಖದ ತುಂಬ ನಗು. "ಧೈರ್ಯವಾಗಿ ಹೋಗು. ಬೆಳಿಗ್ಗೆಯಿಂದ ಬೇಡ್ಕೊಳ್ತಾ ಇದೀನಿ. ಎಲ್ಲ ಆಗಬೇಕಾದ ಹಾಗೇ ಆಗತ್ತೆ."

ಮೇಷ್ಟ್ರ ಬೆನ್ನಿನಲ್ಲಿ ನೀರಿಳಿಯಿತು. ಕಾಲರಿನದೋ ಭಯದ್ದೋ ತಿಳಿಯಲಿಲ್ಲ. ಎಂಥ ಗಟ್ಟಿಗಿತ್ತಿ! ಎದುರಾಳಿಯ ಮುಖ ನೋಡಿಕೊಂಡೇ ಎಷ್ಟು ನಿರಾಳವಾಗಿ ಹೇಳುತ್ತಾರೆ! ನಮಸ್ಕಾರ ಎಂಬಂತೆ ತಲೆ ಆಡಿಸಿ ಮುಂದೆ ಓಡಿ, ಕಂಬದ ಮರೆಯಲ್ಲಿ ನಿಂತು ಕಂಡಕ್ಟರಿಗೆ ಫೋನು ಮಾಡಿದರು.

"ಅಂದ್ಕೊಂಡದ್ದಕ್ಕಿಂತ ದೊಡ್ಡ ಬಲ ಕಣಯ್ಯಾ. ಮೂರು ಜನ ಸಾಲಲ್ಲ!"

"ಚಿಂತೆ ಬಿಡಿ ಮೇಷ್ಟ್ರೇ. ಹನ್ನೊಂದಕ್ಕೆ ನಮ್ಮ ಬಸ್ಸು ಕಾಲೇಜಿನ ಮುಂದೇ ಬರತ್ತೆ. ಪೂರ್ತಿ ತುಂಬಿದೆ. ಪ್ಯಾಸೆಂಜರ್‌ಗಳು ಹೇಗೂ ಒಂಟಿಕಾಲಲ್ಲೇ ನಿಂತಿದಾರೆ!"

ಸಂದರ್ಶನದ ಕೋಣೆಯಲ್ಲಿ ಮೂವರಿದ್ದರು: ಪ್ರಿನ್ಸಿಪಾಲರು, ಆಡಳಿತ ಮಂಡಳಿಯ ಕಾರ್ಯದರ್ಶಿ ಮತ್ತು ಹೊರಗಿನಿಂದ ಬಂದ ತಜ್ಞರು. ಮೊದಲು ಒಳಗೆ ಹೋದ ಸೈಕಲ್ ಮೇಷ್ಟ್ರು ಬೇಗನೆ ಹೊರಬಂದರು. "ಏನು ಕೇಳಿದ್ರು?" ಎಂದರೆ, "ಗೊತ್ತಾಗಲಿಲ್ಲ. ಅದಕ್ಕೇ ಗೊತ್ತಿಲ್ಲ ಅಂದೆ" ಎಂದು ಕರವಸ್ತ್ರದಿಂದ ಕಿವಿ ಒರೆಸಿಕೊಂಡರು. ಮೇಷ್ಟ್ರಿಗೆ ಅಯ್ಯೋ ಪಾಪ ಎನಿಸಿತು. ಗೆಲ್ಲುವವರಿಗೆ ಮಾತ್ರ ಬರುವ ಕರುಣೆ ಅದು.

ಒಳಗೆ ಕೂತೊಡನೆ ಹೊರಗೆ ಹನ್ನೊಂದರ ಬಸ್ಸು, ಎಂದಿನಂತೆ ತಡವಾಗಿ, ಕಿರ್ರೆಂದು ನಿಂತಿತು. ಉದ್ದನೆಯ ಸೀಟಿ ಕೇಳಿಸಿತು. ಆಮೇಲೆ ಒಂದು ವಿಚಿತ್ರ ನಿಶ್ಶಬ್ದ. ಕಿಟಕಿಯಲ್ಲಿ ಇಣುಕಿದ ಕಾರ್ಯದರ್ಶಿ, "ಏನ್ರೀ ಇದು, ಬಸ್ಸಿನ ತುಂಬ ಜನ ಕಣ್ಣು ಮುಚ್ಕೊಂಡು ನಿಂತಿದಾರೆ!" ಎಂದರು.

"ನಿದ್ದೆ ಇರಬೇಕು ಸಾರ್" ಎಂದರು ಮೇಷ್ಟ್ರು.

ತಜ್ಞರು ಕನ್ನಡಕ ಏರಿಸಿದರು. "ಒಂದು ಸುಲಭದ ಪ್ರಶ್ನೆ. ವೆಕ್ಟರ್ ಅಂದರೇನು?"

ಮೇಷ್ಟ್ರ ಮೈ ಜುಮ್ಮೆಂದಿತು. ಬಲ ಕೆಲಸ ಮಾಡುತ್ತಿದೆ! ಎದ್ದು ಬೋರ್ಡಿನ ಬಳಿ ಹೋದರು. ಈ ತುದಿಯಿಂದ ಆ ತುದಿಗೆ ಬಾಣ ಎಳೆದರು. "ಪರಿಮಾಣ ಒಂದೇ ಗೊತ್ತಿದ್ದರೆ ಸಾಲದು, ಸಾರ್. ದಿಕ್ಕು ಯಾವುದು ಅಂತ ಮೊದಲು ವಿಚಾರಿಸಬೇಕು. ದಿಕ್ಕು ತಿಳಿಯದೆ ಬಲ ಹಾಕೋನು ಗಾಡಿಯನ್ನ ಹಳ್ಳಕ್ಕೆ ತಳ್ತಾನೆ!" ಎಂದು ಕುಟ್ಟಿದರು. ಸೀಮೆಸುಣ್ಣ ಮುರಿಯಿತು. ತಜ್ಞರು ತಲೆದೂಗಿದರು. ಆಮೇಲೆ ಕೇಳಿದ್ದಕ್ಕೆಲ್ಲ ಉತ್ತರ, ಕೇಳದೇ ಇದ್ದುದಕ್ಕೂ ಉತ್ತರ. "ಇಂಥ ಪಾಠ ನಾನು ಕೇಳಿರಲಿಲ್ಲ" ಎಂದು ತಜ್ಞರು ಕೈ ಕುಲುಕಿದರು. ಪ್ರಿನ್ಸಿಪಾಲರು ಹೆಮ್ಮೆಯಿಂದ ಕಾರ್ಯದರ್ಶಿಯತ್ತ ನೋಡಿದರು. ಮೇಷ್ಟ್ರು ಹೊರಬಂದಾಗ ಕಾಲರು ಕೂಡ ಒಣಗಿತ್ತು.

ಮಧ್ಯಾಹ್ನ ಗುಮಾಸ್ತರು ಬಾಗಿಲಿಗೆ ಬಂದು, ಗಂಟಲು ಸರಿಮಾಡಿಕೊಂಡು, ಸೈಕಲ್ ಮೇಷ್ಟ್ರ ಹೆಸರು ಹೇಳಿದರು.

ಸೈಕಲ್ ಮೇಷ್ಟ್ರು ಬೆಂಚಿನ ಮೇಲೆ ಕೂತಲ್ಲೇ ಅತ್ತುಬಿಟ್ಟರು. ವೆಕ್ಟರ್ ಮೇಷ್ಟ್ರು ನಿಂತಲ್ಲೇ ಇನ್ನೊಂದು ಸಲ ಕೇಳಿದರು. ಎರಡನೇ ಸಲವೂ ಅದೇ ಹೆಸರು. ಪ್ರಿನ್ಸಿಪಾಲರು ಅವರ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದೊಯ್ದರು.

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ನೀವೇ ಚೆನ್ನಾಗಿ ಮಾಡಿದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾರ್ಯದರ್ಶಿಗಳು ಬೇರೆ ಥರ ಯೋಚನೆ ಮಾಡಿದ್ರು. ಇವರು ತಾತ್ಕಾಲಿಕವಾಗಿದ್ದೇ ಇಷ್ಟು ಚೆನ್ನಾಗಿ ಪಾಠ ಮಾಡ್ತಾರಲ್ಲ, ಖಾಯಂ ಮಾಡಿ ಯಾಕೆ ಕೆಡಿಸೋದು ಅಂದ್ರು. ಆ ಇನ್ನೊಬ್ಬರೋ, ಇವತ್ತು ಆಗದಿದ್ರೆ ನಾಳೆಯಿಂದ ಅಂಗಡೀಲಿ ಕೂರ್ತೀನಿ ಅಂತ ಅಮ್ಮನಿಗೆ ಮಾತು ಕೊಟ್ಟಿದೀನಿ ಅಂದ್ಬಿಟ್ರು. ಅವರಿಗೆ ಕೊಟ್ರೆ ಇಬ್ಬರೂ ಉಳೀತೀರಿ. ನಿಮಗೆ ಕೊಟ್ರೆ ಒಬ್ಬರು ಹೋಗ್ತಾರೆ. ಲೆಕ್ಕ ಸರಿಯಾಗೇ ಇದೆಯಲ್ಲ?"

ಲೆಕ್ಕ ಸರಿಯಾಗಿಯೇ ಇತ್ತು. ಅದೇ ಸಂಕಟ.

ಗೇಟು ದಾಟಿದ ಮೇಷ್ಟ್ರಿಗೆ ಈ ಸಲ ಅಂಗಡಿಯತ್ತ ನೋಡುವ ಧೈರ್ಯವಿರಲಿಲ್ಲ. ಗೆದ್ದ ತಾಯಿಯ ನಗು ನೋಡಲು ಯಾರಿಗೆ ಬೇಕು? ಆದರೆ ಅಂಗಡಿಯಿಂದ ಬಂದದ್ದು ನಗುವಲ್ಲ, ಮೂಗು ಸೀಟುವ ಸದ್ದು. ಅಂಗಡಿ ಅಮ್ಮ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಸುದ್ದಿ ಬಂತಪ್ಪಾ. ಮುಗೀತು."

"ಸಂತೋಷದ ವಿಷಯ ಅಲ್ವಾ ಅಮ್ಮಾ?" ಎಂದರು ಮೇಷ್ಟ್ರು.

"ಎಂಥ ಸಂತೋಷ! ಏಳು ವರ್ಷದಿಂದ ದೇವರನ್ನ ಒಂದೇ ಕೇಳ್ತಾ ಇದೀನಿ, ಈ ಹುಡುಗನಿಗೆ ಆ ಕೆಲಸ ಸಿಗದೇ ಇರಲಿ ಅಂತ. ನಾಲ್ಕು ಜನರ ಮುಂದೆ ಮಾತಾಡೋಕೆ ಹೆದರೋನು ಅವನು. ರಾತ್ರಿಯೆಲ್ಲ ಹೊರಳಾಡ್ತಾನೆ. ಅದೇ ಒಂದು ಚೈನು ಕೈಗೆ ಕೊಡು, ಹಾಡ್ಕೊಂಡು ಕೂರ್ತಾನೆ. ನಾನಿನ್ನು ಎಷ್ಟು ದಿನ ಗಾಲಿ ಎತ್ತೋಕಾಗತ್ತೆ? ಅದಕ್ಕೇ ಅವನಿಗೆ ಬೇಡ, ನಿನಗೇ ಆಗಲಿ ಅಂತ ಬೇಡ್ಕೊಂಡೆ. ನಿನ್ನ ಹೆಸರು ಹಿಡಿದೇ ಬೇಡ್ಕೊಂಡೆ ಕಣಪ್ಪಾ!"

ಮೇಷ್ಟ್ರು ಅಲ್ಲಿದ್ದ ಹಳೆಯ ಟೈರುಗಳ ಮೇಲೆ ಕೂತರು. ಟೈರು ಉಸ್ಸೆಂದಿತು.

"ಇಷ್ಟು ವರ್ಷ ನಾನು ಕೇಳಿದ್ದು ಆಗಿಲ್ಲ ಅಂತಿಲ್ಲ. ಇವತ್ತೂ ಆಗ್ತಾ ಇತ್ತು, ಮನಸ್ಸಿಗೆ ಗೊತ್ತಾಗ್ತಾ ಇತ್ತು. ಅಷ್ಟರಲ್ಲಿ ಅದೆಲ್ಲಿತ್ತೋ ಒಂದು ಬಸ್ಸು, ಅಂಗಡಿ ಮುಂದೇ ಬಂದು ನಿಂತ್ಕೊಳ್ತು. ಪೂರ್ತಿ ಬಸ್ಸು ಕಣ್ಣು ಮುಚ್ಕೊಂಡು ಏನೋ ಗುನುಗಿದ್ರು. ನನ್ನ ಎದೆ ಧಸಕ್ ಅಂತು. ಯಾರೋ ನನಗೆ ಎದುರು ಎಳೆದ ಹಾಗೆ! ಯಾರಪ್ಪಾ ಅಂಥ ಕೆಲಸ ಮಾಡೋರು? ನಾನು ಯಾರಿಗೆ ಏನು ಮಾಡಿದ್ದೆ?"

ಮೇಷ್ಟ್ರು ನೆಲ ನೋಡಿದರು. ಒಂಬತ್ತು ವರ್ಷ ಬೋರ್ಡಿನ ಮೇಲೆ ಎಳೆದ ಬಾಣಗಳೆಲ್ಲ ಒಂದೊಂದಾಗಿ ಬಂದು ಚುಚ್ಚಿದವು. ಬಲ ಎಷ್ಟು ಎಂದು ಊರೆಲ್ಲ ವಿಚಾರಿಸಿದ್ದರು. ಯಾವ ಕಡೆಗೆ ಎಂದು ಮಾತ್ರ ಕೇಳಿರಲಿಲ್ಲ. ಕೇಳಬೇಕಾಗಿದ್ದದ್ದು ಇದೇ ಸ್ಟೂಲಿನ ಹತ್ತಿರ, ಬೆಳಿಗ್ಗೆ, ಎರಡು ಮಾತು.

ಅಷ್ಟರಲ್ಲಿ ಒಬ್ಬ ಗಿರಾಕಿ ಗಾಳಿ ಹೋದ ಸೈಕಲ್ಲನ್ನು ತಳ್ಳಿಕೊಂಡು ಬಂದ. ಅಂಗಡಿ ಅಮ್ಮ ಏಳಲು ಹೋಗಿ, ಸೊಂಟ ಹಿಡಿದುಕೊಂಡು ಮತ್ತೆ ಕೂತರು. ಮೇಷ್ಟ್ರನ್ನು ಒಮ್ಮೆ ನೋಡಿದರು. ಗೋಡೆಗೆ ಒರಗಿಸಿದ್ದ ಪಂಪನ್ನು ಒಮ್ಮೆ ನೋಡಿದರು.

"ಬೇಸಿಗೇಲಿ ನಿನಗೆ ಹೇಗೂ ಕೆಲಸ ಇರಲ್ಲ ಅಲ್ವಾ?" ಎಂದು ಕಣ್ಣೊರೆಸಿಕೊಂಡು ಕೇಳಿದರು. "ಅಂಗಡಿಗೆ ಒಬ್ಬರು ಸಿಗಲಿ ಅಂತ ಇನ್ಮೇಲೆ ಬೇಡ್ಕೊಳ್ಳೋಣ ಅಂತಿದ್ದೆ. ಇನ್ನೂ ಶುರುವೇ ಮಾಡಿಲ್ಲ, ನೋಡು, ನೀನು ಬಂದು ಕೂತಿದೀಯ!"

ಮೇಷ್ಟ್ರು ಎದ್ದರು. ಬಿಳಿ ತೋಳು ಮಡಚಿ, ಅಂಗಡಿಯ ಹೊರಗೆ ಪಂಪಿನ ಬುಡವನ್ನು ಕಾಲಿನಿಂದ ಮೆಟ್ಟಿ ಹಿಡಿದರು.

ಆಗಲೇ ಎದುರಿಗೆ ಬಸ್ಸು ಬಂದು ನಿಂತಿತು. ಕಂಡಕ್ಟರು ಫುಟ್‌ಬೋರ್ಡಿನಿಂದ ಅರ್ಧ ಹೊರಗೆ ಬಾಗಿದ್ದ.

"ಮೇಷ್ಟ್ರೇ! ಲಾಂಡ್ರಿಯವನೂ ಟೀಚರಮ್ಮನೂ ಇನ್ನೂ ಒಂಟಿಕಾಲಲ್ಲೇ ನಿಂತಿದಾರೆ, ಕಾಲು ಇಳಿಸಬಹುದಾ ಅಂತ ಫೋನ್ ಮಾಡಿ ಮಾಡಿ ಕೇಳ್ತಾ ಇದಾರೆ! ಏನಾಯ್ತು? ಅಮ್ಮ ಬೇಡಿದ್ದರ ಉಲ್ಟಾ ಆಯ್ತೋ ಇಲ್ವೋ?"

ಅಂಗಡಿ ಅಮ್ಮ ನಿಧಾನವಾಗಿ ತಲೆ ಎತ್ತಿದರು. ಕಂಡಕ್ಟರನ್ನು ನೋಡಿದರು. ಬಸ್ಸನ್ನು ನೋಡಿದರು. ಆಮೇಲೆ ಮೇಷ್ಟ್ರತ್ತ ತಿರುಗಿ, ನೋಟವನ್ನು ಅಲ್ಲೇ ನಿಲ್ಲಿಸಿದರು.

"ಆಯ್ತು" ಎಂದರು ಮೇಷ್ಟ್ರು, ಯಾರ ಮುಖವನ್ನೂ ನೋಡದೆ. "ನೂರ ಎಂಬತ್ತು ಡಿಗ್ರಿ."

"ನಾನು ಹೇಳಲಿಲ್ವಾ! ರೈಟ್!" ಎಂದು ಕಂಡಕ್ಟರು ಸೀಟಿ ಊದಿದ. ಬಸ್ಸು ಗೆಲುವಿನಿಂದ ಹೊರಟುಹೋಯಿತು.

ಮೋಡ ಸರಿದು ಪಳ್ಳೆಂದು ಬಿಸಿಲು ಬಿತ್ತು; ಅದರ ಹಿಂದೆಯೇ ದಪ್ಪ ದಪ್ಪ ಹನಿ. ಆ ಹೊತ್ತಿಗೆ ಹವಾಮಾನದ ಬಗ್ಗೆ ಬೇಡುವವರು ಯಾರೂ ಇರಲಿಲ್ಲವಾದ್ದರಿಂದ ಎರಡೂ ಒಟ್ಟಿಗೆ ಬಂದಿದ್ದವು. ಬಿಳಿ ಅಂಗಿ ಮೊದಲು ಕಾಲರಿನಿಂದಲೇ ನೆನೆಯತೊಡಗಿತು.

"ಹೊಡಿ" ಎಂದರು ಅಂಗಡಿ ಅಮ್ಮ, ಪಂಪು ತೋರಿಸಿ. "ನಿಲ್ಲಿಸು ಅನ್ನೋವರೆಗೂ ಹೊಡಿ."

ಮೇಷ್ಟ್ರು ಹೊಡೆದರು. ಈ ಸಲ ಬಲವೂ ಗೊತ್ತಿತ್ತು, ದಿಕ್ಕೂ ಗೊತ್ತಿತ್ತು. ಮೇಲೆ, ಕೆಳಗೆ, ಮೇಲೆ, ಕೆಳಗೆ. ಕೂಡಿಸಿದರೆ ಸೊನ್ನೆ.